ಸಾರ್ಮ್ಸೋ, ಸ್ಟೀರಾಯ್ಡೋ? ಮೈಯೊಳಗೆ ಎರಡೂ ಮಾಡುವುದೇನು

ಜಿಮ್‌ಗೆ ಹೋಗುವವರ ಬಾಯಲ್ಲಿ ಈ ಪ್ರಶ್ನೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬರುತ್ತದೆ: “ಸ್ಟೀರಾಯ್ಡ್ ಮುಟ್ಟಲ್ಲ, ಅದರ ಕಥೆ ಗೊತ್ತು. ಆದ್ರೆ ಸಾರ್ಮ್ಸ್ ತಗೊಂಡ್ರೆ ಏನೂ ಆಗಲ್ವಂತೆ, ಹೌದಾ?” ಕೇಳುವವರಲ್ಲಿ ಬಹಳಷ್ಟು ಮಂದಿ ಆಗಲೇ ಅರ್ಧ ತೀರ್ಮಾನ ಮಾಡಿಕೊಂಡಿರುತ್ತಾರೆ. ಸೂಜಿ ಚುಚ್ಚಿಕೊಳ್ಳಬೇಕಿಲ್ಲ, ಹನಿಯನ್ನೋ ಮಾತ್ರೆಯನ್ನೋ ನುಂಗಿದರಾಯಿತು. ಸ್ಟೀರಾಯ್ಡ್ ಎಂಬ ಹೆಸರೂ ಅಂಟಿಕೊಳ್ಳುವುದಿಲ್ಲ.

ಚುಟುಕಾಗಿ ಹೇಳುವುದಾದರೆ, ಸ್ನಾಯು ಬೆಳೆಸಲೆಂದು ತೆಗೆದುಕೊಳ್ಳುವ ಈ ಎರಡು ಬಗೆಯ ಮದ್ದೂ ಹೋಗಿ ಕೂರುವುದು ಒಂದೇ ಜಾಗದಲ್ಲಿ, ಗಂಡು ಹಾರ್ಮೋನು ಅಂಟಿಕೊಳ್ಳುವಲ್ಲಿ. ಸ್ನಾಯು ಬೆಳೆಸುವುದರಲ್ಲಿ ಸ್ಟೀರಾಯ್ಡ್ ಬಹಳ ಮುಂದು. ಅದರ ಹಾನಿ ದಶಕಗಳಿಂದ ದಾಖಲಾಗುತ್ತ ಬಂದಿದೆ. ಸಾರ್ಮ್ಸ್‌ನ ಹಾನಿ ಈಗೀಗ ದಾಖಲಾಗುತ್ತಿದೆ. ದಾಖಲೆ ತೆಳುವಾಗಿರುವುದನ್ನೇ ಮಾರುವವರು ‘ಸೇಫ್’ ಎಂದು ಓದಿ ಹೇಳುತ್ತಾರೆ. ಇವೆರಡರ ನಡುವೆ ವ್ಯತ್ಯಾಸ ಇಲ್ಲವೆಂದಲ್ಲ, ಇದೆ. ಆದರೆ ಅದು ಜಾಹೀರಾತು ತೋರಿಸುವ ಜಾಗದಲ್ಲಿಲ್ಲ.

ಯಾವುದು ಏನು

ಅನಬಾಲಿಕ್ ಸ್ಟೀರಾಯ್ಡ್ ಎಂದರೆ ಗಂಡು ಹಾರ್ಮೋನಾದ ಟೆಸ್ಟೊಸ್ಟಿರಾನ್ ಮತ್ತು ಅದರ ಅಣುವನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಮಾಡಿದ ಮದ್ದುಗಳು. ಟೆಸ್ಟೊಸ್ಟಿರಾನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1935ರಲ್ಲಿ. ಅದೇ ವರ್ಷ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿಯೂ ಆಯಿತು. 1958ರಲ್ಲಿ ಸೀಬಾ ಕಂಪನಿಯ ಡಯನಬಾಲ್ ಅಮೆರಿಕದ ಮಾರುಕಟ್ಟೆಗೆ ಬಂತು, ಅಲ್ಲಿಂದ ಭಾರ ಎತ್ತುವವರ ಕೈಗೆ ತಲುಪಲು ತಡವಾಗಲಿಲ್ಲ. ನ್ಯಾಂಡ್ರೊಲೋನ್, ಸ್ಟ್ಯಾನೊಜೊಲಾಲ್, ಆಕ್ಸಾಂಡ್ರೊಲೋನ್ ಎಲ್ಲ ಇದೇ ಕುಟುಂಬದವು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿದ ಬೆನ್ ಜಾನ್ಸನ್ ಚಿನ್ನ ಕಳೆದುಕೊಂಡದ್ದು ಸ್ಟ್ಯಾನೊಜೊಲಾಲ್‌ನಿಂದ.

ಅಸ್ತಮಾ, ಅಲರ್ಜಿ, ಸಂಧಿವಾತಕ್ಕೆ ವೈದ್ಯರು ಬರೆಯುವ ಪ್ರೆಡ್ನಿಸೊಲೋನ್‌ನಂಥವನ್ನೂ ಜನ ಸ್ಟೀರಾಯ್ಡ್ ಎಂದೇ ಕರೆಯುತ್ತಾರೆ. ಅವು ಬೇರೆ ಗುಂಪು. ದೀರ್ಘಕಾಲ ತೆಗೆದುಕೊಂಡರೆ ಸ್ನಾಯುವನ್ನು ಬೆಳೆಸುವ ಬದಲು ಕರಗಿಸುವಂಥವು. ಈ ಬರಹ ಓದಿ ಯಾರೂ ಇನ್‌ಹೇಲರ್ ನಿಲ್ಲಿಸಬೇಕಿಲ್ಲ.

ಸಾರ್ಮ್ಸ್ ಎಂದರೆ ಸೆಲೆಕ್ಟಿವ್ ಆಂಡ್ರೊಜೆನ್ ರಿಸೆಪ್ಟರ್ ಮಾಡ್ಯುಲೇಟರ್‌ಗಳು. ಆಂಡ್ರೊಜೆನ್ ರಿಸೆಪ್ಟರ್ ಎಂಬುದು ಗಂಡು ಹಾರ್ಮೋನು ಹೋಗಿ ಅಂಟಿಕೊಳ್ಳುವ ಪ್ರೋಟೀನು. ಇವು ಅದನ್ನು ಎಲ್ಲ ಅಂಗಗಳಲ್ಲೂ ಅಲ್ಲದೆ ಆಯ್ದ ಅಂಗಗಳಲ್ಲಿ ಮಾತ್ರ ಎಬ್ಬಿಸಬೇಕು ಎಂಬ ಉದ್ದೇಶದಿಂದ ಹುಟ್ಟಿದವು. ಇವು ಬಂದ ದಾರಿ ಸ್ವಾರಸ್ಯದ್ದು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡುವ ಬೈಕ್ಯಾಲುಟಮೈಡ್‌ನಂಥ ಮದ್ದು ಈ ರಿಸೆಪ್ಟರನ್ನು ಮುಚ್ಚಿಹಾಕುತ್ತದೆ. ಅಂಥ ಅಣುಗಳನ್ನು ಸ್ವಲ್ಪ ಮಾರ್ಪಡಿಸಿದರೆ ಮುಚ್ಚುವ ಬದಲು ಚಾಲೂ ಮಾಡುತ್ತವೆ ಎಂದು ಟೆನೆಸಿ ವಿಶ್ವವಿದ್ಯಾಲಯದ ಜೇಮ್ಸ್ ಡಾಲ್ಟನ್ ಅವರ ತಂಡ 1998ರಲ್ಲಿ ಪ್ರಕಟಿಸಿತು. ಆಸ್ಟರಿನ್ ಎಂದು ಮಾರಾಟವಾಗುವ ಎನೊಬೊಸಾರ್ಮ್, ಲಿಗಾಂಡ್ರಾಲ್ ಎನ್ನುವ ಎಲ್‌ಜಿಡಿ-4033, ಟೆಸ್ಟೊಲೋನ್ ಎನ್ನುವ ಆರ್‌ಎಡಿ-140, ಆಂಡರಿನ್: ಜಿಮ್‌ನಲ್ಲಿ ಕಿವಿಗೆ ಬೀಳುವ ಹೆಸರುಗಳು ಇವೇ. ಗುರಿಯಿದ್ದದ್ದು ಕ್ಯಾನ್ಸರ್‌ನಲ್ಲಿ ಸೊರಗಿದವರು, ಮೂಳೆ ಸವೆದವರು, ಮುಪ್ಪಿನಲ್ಲಿ ಕಾಲಿನ ಬಲ ಕುಂದಿದವರು. ಇಪ್ಪತ್ತೈದು ವರ್ಷದ ಪರೀಕ್ಷೆಗಳ ನಂತರವೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಂದು ಸಾರ್ಮ್‌ಗೂ ಔಷಧವಾಗಿ ಒಪ್ಪಿಗೆ ಕೊಟ್ಟಿಲ್ಲ.

ಜೀವಕೋಶದ ಒಳಗೆ

ಟೆಸ್ಟೊಸ್ಟಿರಾನ್ ಕೊಬ್ಬಿನಲ್ಲಿ ಕರಗುವ ಸಣ್ಣ ಅಣು, ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಒಳಗೆ ಆಂಡ್ರೊಜೆನ್ ರಿಸೆಪ್ಟರ್ ಬೇರೆ ಪ್ರೋಟೀನುಗಳ ಹಿಡಿತದಲ್ಲಿ ಸುಮ್ಮನಿರುತ್ತದೆ. ಹಾರ್ಮೋನು ಬಂದು ಕೂತೊಡನೆ ಅದರ ಆಕಾರ ಬದಲಾಗಿ ಹಿಡಿತ ಸಡಿಲುತ್ತದೆ. ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎಯ ಗೊತ್ತಾದ ತಾಣಗಳಿಗೆ ಅಂಟುತ್ತದೆ, ಒಂದಷ್ಟು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಸ್ನಾಯುವಿನಲ್ಲಿ ಇದರ ಫಲ ಎರಡು. ಪ್ರೋಟೀನ್ ಕಟ್ಟುವ ವೇಗ ಏರುತ್ತದೆ. ಜತೆಗೆ ಸ್ನಾಯುತಂತುವಿನ ಅಂಚಿನಲ್ಲಿ ನಿದ್ರಿಸುವ ಸ್ಯಾಟಲೈಟ್ ಕೋಶಗಳು ಎದ್ದು ತಂತುವಿನೊಳಗೆ ಸೇರಿಕೊಳ್ಳುತ್ತವೆ, ತಂತುವಿಗೆ ಹೊಸ ಕೋಶಕೇಂದ್ರಗಳು ಸಿಗುತ್ತವೆ. ಇಲಿಗಳಲ್ಲಿ ಮದ್ದು ನಿಲ್ಲಿಸಿ ಮೂರು ತಿಂಗಳಾದರೂ ಆ ಹೆಚ್ಚುವರಿ ಕೇಂದ್ರಗಳು ಉಳಿದಿದ್ದನ್ನು ಆಸ್ಲೋದ ಸಂಶೋಧಕರು 2013ರಲ್ಲಿ ತೋರಿಸಿದರು. ಮದ್ದು ಬಿಟ್ಟ ಕ್ರೀಡಾಪಟುವಿಗೂ ಅದರ ಲಾಭ ಉಳಿಯುತ್ತದೆಯೇ ಎಂಬ ವಾದ ಎದ್ದದ್ದು ಇದರಿಂದ.

ಇಲ್ಲಿಯವರೆಗೆ ಸಾರ್ಮ್ಸ್ ಮಾಡುವುದೂ ಇದನ್ನೇ. ದಾರಿ ಕವಲೊಡೆಯುವುದು ಎರಡು ಕಡೆ.

ಮೊದಲನೆಯದು ಹಾರ್ಮೋನಿನ ರೂಪಾಂತರ. ಟೆಸ್ಟೊಸ್ಟಿರಾನ್ ಪ್ರಾಸ್ಟೇಟ್, ಚರ್ಮ, ನೆತ್ತಿಗೆ ಹೋದಾಗ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಇನ್ನೂ ಪ್ರಬಲವಾದ ಡಿಎಚ್‌ಟಿಯಾಗಿ ಮಾರ್ಪಡಿಸುತ್ತದೆ. ಮೊಡವೆ, ತಲೆಗೂದಲು ಉದುರುವುದು, ಪ್ರಾಸ್ಟೇಟ್ ಊದಿಕೊಳ್ಳುವುದರ ಹಿಂದೆ ಇರುವುದು ಅದೇ. ಕೊಬ್ಬಿನಲ್ಲಿ ಮತ್ತು ಬೇರೆ ಕಡೆ ಅರೋಮಟೇಸ್ ಎಂಬ ಕಿಣ್ವ ಅದೇ ಟೆಸ್ಟೊಸ್ಟಿರಾನನ್ನು ಈಸ್ಟ್ರೊಜೆನ್ ಆಗಿಸುತ್ತದೆ. ಗಂಡಸರಿಗೆ ಎದೆ ಬೆಳೆಯುವುದು, ಮೈಯಲ್ಲಿ ನೀರು ನಿಲ್ಲುವುದು ಹೀಗೆ. ಸಾರ್ಮ್ಸ್‌ನ ಅಣು ಸ್ಟೀರಾಯ್ಡ್‌ನ ಕಟ್ಟಡದ್ದಲ್ಲ, ಹಾಗಾಗಿ ಈ ಎರಡು ಕಿಣ್ವಗಳಿಗೂ ಅದು ಸಿಗುವುದಿಲ್ಲ. ಇದು ನಿಜವಾದ ಅನುಕೂಲ, ಒಪ್ಪಬೇಕು.

ಎರಡನೆಯದು ಸ್ವಲ್ಪ ಸೂಕ್ಷ್ಮ. ಸಾರ್ಮ್ ಕೂತ ರಿಸೆಪ್ಟರ್ ತಾಳುವ ಆಕಾರ ಟೆಸ್ಟೊಸ್ಟಿರಾನ್ ಕೂತಾಗಿನದಕ್ಕಿಂತ ತುಸು ಬೇರೆ. ಜೀನನ್ನು ಎಬ್ಬಿಸಲು ರಿಸೆಪ್ಟರಿಗೆ ಬೇಕಾದ ಸಹಾಯಕ ಪ್ರೋಟೀನುಗಳು ಒಂದೊಂದು ಅಂಗದಲ್ಲಿ ಒಂದೊಂದು ಬಗೆಯವು. ಆದ್ದರಿಂದ ಅದೇ ಮದ್ದು ಸ್ನಾಯುವಿನಲ್ಲಿ ಪೂರ್ತಿ ಕೆಲಸ ಮಾಡಿ ಪ್ರಾಸ್ಟೇಟಿನಲ್ಲಿ ಅರೆಬರೆ ಮಾಡಬಹುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಆಸೆ ಹುಟ್ಟಿದ್ದು ಇಲ್ಲಿ.

ಈ ಆಯ್ದ ಕೆಲಸವನ್ನು ಅಳೆದದ್ದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಿದರೆ ಉತ್ಸಾಹ ಕೊಂಚ ಇಳಿಯುತ್ತದೆ. ಹರ್ಷ್‌ಬರ್ಗರ್ ಪರೀಕ್ಷೆ ಎಂದು ಒಂದಿದೆ, 1950ರ ದಶಕದ್ದು. ಎಳೆಯ ಗಂಡು ಇಲಿಗಳ ವೃಷಣ ತೆಗೆದು, ಮದ್ದು ಕೊಟ್ಟು, ಕೆಲವು ದಿನದ ಮೇಲೆ ಎರಡು ಅಂಗಗಳನ್ನು ತೂಗುತ್ತಾರೆ: ಪ್ರಾಸ್ಟೇಟ್, ಮತ್ತು ಗುದದ ಬಳಿಯ ಲಿವೇಟರ್ ಏನೈ ಎಂಬ ಪುಟ್ಟ ಸ್ನಾಯು. ಎರಡನೆಯದು ಎಷ್ಟು ಬೆಳೆಯಿತು, ಮೊದಲನೆಯದು ಎಷ್ಟು ಬೆಳೆಯಿತು, ಅದರ ಅನುಪಾತ. ಬಾಟಲಿಯ ಜತೆ ಬರುವ ವರ್ಣನೆಯಲ್ಲಿ ಆರ್‌ಎಡಿ-140ಕ್ಕೆ “90ಕ್ಕೆ 1” ಎಂದು ಹೊಗಳುತ್ತಾರಲ್ಲ, ಅದರ ಬೇರು ಇಂಥ ಇಲಿಯ ತಕ್ಕಡಿಯಲ್ಲಿದೆ. ಮನುಷ್ಯನ ತೋಳು, ಮನುಷ್ಯನ ಹೃದಯ, ಮನುಷ್ಯನ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಸ್ಟೀರಾಯ್ಡ್‌ಗಳಿಗೂ ಇಂಥ ಅನುಪಾತ ಹೇಳಿ ‘ಬರೀ ಅನಬಾಲಿಕ್, ಆಂಡ್ರೊಜೆನಿಕ್ ಅಲ್ಲ’, ಅಂದರೆ ಸ್ನಾಯು ಬೆಳೆಸುತ್ತದೆ, ಗಂಡು ಲಕ್ಷಣ ತರುವುದಿಲ್ಲ ಎಂದು ಮಾರಿದ ಕಾಲವಿತ್ತು. ಆ ಮಾತಿಗೆ ಮನುಷ್ಯರಲ್ಲಿ ಪುರಾವೆ ಸಿಗಲೇ ಇಲ್ಲ.

ಎಷ್ಟು ಬೆಳೆಯುತ್ತದೆ

ಸ್ಟೀರಾಯ್ಡ್ ಕೆಲಸ ಮಾಡುತ್ತದೆ. ಇದನ್ನು ಮುಚ್ಚಿಟ್ಟು ಉಪದೇಶ ಮಾಡಿದರೆ ಯಾರೂ ನಂಬುವುದಿಲ್ಲ. ಹಿಂದೊಮ್ಮೆ ವೈದ್ಯಲೋಕ ಹಾಗೆ ಮಾಡಿಯೇ ಜಿಮ್‌ನವರ ವಿಶ್ವಾಸ ಕಳೆದುಕೊಂಡಿತು. 1996ರಲ್ಲಿ ಶಲೇಂದರ್ ಭಾಸಿನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಆ ವಾದವನ್ನು ಮುಗಿಸಿತು. ಚಿಕಿತ್ಸೆಗೆ ಕೊಡುವುದರ ಸುಮಾರು ಆರು ಪಟ್ಟು ಟೆಸ್ಟೊಸ್ಟಿರಾನ್, 10 ವಾರ. ಮದ್ದೂ ವ್ಯಾಯಾಮವೂ ಇದ್ದವರಿಗೆ ಕೊಬ್ಬುರಹಿತ ತೂಕ ಸರಾಸರಿ 6 ಕಿಲೋ ಏರಿತು. ವ್ಯಾಯಾಮ ಮಾತ್ರ ಮಾಡಿದವರಿಗೆ ಸುಮಾರು 2 ಕಿಲೋ. ಭಾರ ಎತ್ತದೆ ಮದ್ದು ಮಾತ್ರ ತೆಗೆದುಕೊಂಡವರಿಗೂ 3 ಕಿಲೋ ಮೇಲೆ. ಬೆವರು ಸುರಿಸಿದವನಿಗಿಂತ ಸುಮ್ಮನೆ ಕೂತವನಿಗೆ ಹೆಚ್ಚು ಬಂತು ಎಂಬುದು ಓದಲು ಹಿತವಲ್ಲ, ಆದರೆ ಸಂಖ್ಯೆ ಹೇಳುವುದು ಅದನ್ನೇ.

ಸಾರ್ಮ್ಸ್‌ನ ಸಂಖ್ಯೆಗಳು ಚಿಕ್ಕವು. ಎನೊಬೊಸಾರ್ಮನ್ನು 120 ಮಂದಿ ಹಿರಿಯರಿಗೆ 12 ವಾರ ಕೊಟ್ಟ ಅಧ್ಯಯನ 2011ರಲ್ಲಿ ಬಂತು. ಅತಿ ಹೆಚ್ಚಿನ ಪ್ರಮಾಣವಾದ 3 ಮಿಲಿಗ್ರಾಂನಲ್ಲಿ, ಖಾಲಿ ಮಾತ್ರೆ ತಿಂದವರಿಗಿಂತ ಸುಮಾರು 1.3 ಕಿಲೋ ಹೆಚ್ಚು. ಎಲ್‌ಜಿಡಿ-4033ನ್ನು ಆರೋಗ್ಯವಂತ ಗಂಡಸರ ಮೇಲೆ 21 ದಿನ ನೋಡಿದರು. 1 ಮಿಲಿಗ್ರಾಂ ಗುಂಪಿಗೆ ಸುಮಾರು 1.2 ಕಿಲೋ. ಮೂರೇ ವಾರಕ್ಕೆ ಅದು ಕಡಿಮೆಯೇನಲ್ಲ. ಆದರೆ ತೂಕ ಏರಿದ ಮಾತ್ರಕ್ಕೆ ಬಲ ಏರಬೇಕೆಂದಿಲ್ಲ. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ನಡೆದ ಎನೊಬೊಸಾರ್ಮ್‌ನ ದೊಡ್ಡ ಪರೀಕ್ಷೆಗಳಲ್ಲಿ ಎಡವಟ್ಟಾದದ್ದು ಅಲ್ಲೇ. ಸ್ನಾಯುವಿನ ತೂಕ ಹೆಚ್ಚಿತು, ಮೆಟ್ಟಿಲು ಹತ್ತುವ ಶಕ್ತಿ ನಿರೀಕ್ಷೆಯಂತೆ ಹೆಚ್ಚಲಿಲ್ಲ.

ಆ 21 ದಿನದ ಪ್ರಯೋಗದಲ್ಲಿ ಎಲ್‌ಜಿಡಿ 1 ಮಿಲಿಗ್ರಾಂಗೆ ನಿಂತಿತ್ತು. ಮಾರಾಟದ ಬಾಟಲಿಯಲ್ಲಿ ಒಂದು ಮಾತ್ರೆಗೆ 5 ಅಥವಾ 10 ಮಿಲಿಗ್ರಾಂ ಎಂದು ಬರೆದಿರುತ್ತದೆ. ‘ಪ್ರಯೋಗದಲ್ಲಿ ತೊಂದರೆ ಕಾಣಲಿಲ್ಲ’ ಎಂಬ ಮಾತನ್ನು ಆ ಬಾಟಲಿಗೆ ಅಂಟಿಸುವುದು ಹೇಗೆ?

ವೃಷಣಕ್ಕೆ ಹೋಗುವ ಆಜ್ಞೆ ನಿಂತಾಗ

ಆಯ್ಕೆ ಮಾಡುವವರು ಹೆಚ್ಚು ಹೊತ್ತು ಯೋಚಿಸಬೇಕಾದ ಭಾಗ ನನ್ನ ಪ್ರಕಾರ ಇದು.

ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಸದಾ ರಕ್ತದಲ್ಲಿನ ಹಾರ್ಮೋನನ್ನು ಗಮನಿಸುತ್ತಿರುತ್ತದೆ. ಕಡಿಮೆಯಾದರೆ ಪಿಟ್ಯುಟರಿಗೆ ಸೂಚನೆ, ಪಿಟ್ಯುಟರಿಯಿಂದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು, ಅವು ವೃಷಣಕ್ಕೆ ಬಂದು ಒಂದು ಟೆಸ್ಟೊಸ್ಟಿರಾನ್ ಮಾಡಿಸುತ್ತದೆ, ಇನ್ನೊಂದು ವೀರ್ಯಾಣು. ಹೊರಗಿನಿಂದ ಆಂಡ್ರೊಜೆನ್ ಸುರಿದರೆ ‘ಬೇಕಾದಷ್ಟಿದೆ’ ಎಂದು ತಿಳಿದು ಮೇಲಿನವರು ಸೂಚನೆ ನಿಲ್ಲಿಸುತ್ತಾರೆ. ವೃಷಣ ಕುಗ್ಗುತ್ತದೆ. ವೃಷಣದೊಳಗಿನ ಟೆಸ್ಟೊಸ್ಟಿರಾನ್ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಸಾಂದ್ರವಾಗಿದ್ದರೆ ಮಾತ್ರ ವೀರ್ಯಾಣು ಸರಿಯಾಗಿ ತಯಾರಾಗುವುದು, ಆದ್ದರಿಂದ ಸೂಜಿಯಿಂದ ಬಂದದ್ದು ಆ ಕೆಲಸಕ್ಕೆ ಸಾಲದು. ಇದು ಎಷ್ಟು ಖಚಿತವೆಂದರೆ, ವಾರಕ್ಕೊಂದು ಟೆಸ್ಟೊಸ್ಟಿರಾನ್ ಚುಚ್ಚುಮದ್ದನ್ನು ಗಂಡಸರ ಗರ್ಭನಿರೋಧಕವಾಗಿ ವಿಶ್ವ ಆರೋಗ್ಯ ಸಂಸ್ಥೆಯೇ ಹಲವು ದೇಶಗಳಲ್ಲಿ ಪರೀಕ್ಷಿಸಿತ್ತು. ಬಹುಪಾಲು ಗಂಡಸರ ವೀರ್ಯಾಣು ಶೂನ್ಯಕ್ಕೆ ಇಳಿದವು. ಗಂಡಸುತನ ಹೆಚ್ಚಲಿ ಎಂದು ಚುಚ್ಚಿಕೊಂಡದ್ದು ಸಂತಾನ ನಿಲ್ಲಿಸುವ ಮದ್ದು ಕೂಡ ಹೌದು.

ಸಾರ್ಮ್ಸ್ ಇಲ್ಲಿ ಪಾರು ಮಾಡುವುದಿಲ್ಲ. ಮೇಲೆ ಹೇಳಿದ 21 ದಿನದ ಅಧ್ಯಯನದಲ್ಲೇ ಟೆಸ್ಟೊಸ್ಟಿರಾನ್ ಪ್ರಮಾಣಕ್ಕೆ ತಕ್ಕಂತೆ ಇಳಿಯಿತು. ಮದ್ದು ನಿಲ್ಲಿಸಿದ ಮೇಲೆ ಮತ್ತೆ ಏರಿತು. ಆ ಪುಟ್ಟ ಪ್ರಮಾಣ ಮೂರು ವಾರದಲ್ಲಿ ಹೀಗೆ ಮಾಡಿದರೆ ಐದು ಹತ್ತು ಪಟ್ಟನ್ನು ತಿಂಗಳುಗಟ್ಟಲೆ ತಿಂದಾಗ ಏನಾದೀತು ಎಂದು ಊಹಿಸಲು ವಿಜ್ಞಾನಿಯಾಗಬೇಕಿಲ್ಲ. ಸಾರ್ಮ್ಸ್‌ಗೆ ಇನ್ನೊಂದು ವಿಚಿತ್ರ ತೊಡಕೂ ಇದೆ. ಟೆಸ್ಟೊಸ್ಟಿರಾನ್ ಚುಚ್ಚಿಕೊಂಡವನಿಗೆ ಸ್ವಂತದ್ದು ನಿಂತರೂ ಹೊರಗಿನದ್ದು ಇರುತ್ತದೆ, ಅದರಿಂದ ಈಸ್ಟ್ರೊಜೆನ್ನೂ ಆಗುತ್ತಿರುತ್ತದೆ. ಸಾರ್ಮ್ ತಿಂದವನಿಗೆ ಸ್ವಂತ ಟೆಸ್ಟೊಸ್ಟಿರಾನ್ ಇಳಿದಾಗ ಅದರ ಜತೆ ಈಸ್ಟ್ರೊಜೆನ್ ಕೂಡ ಇಳಿಯುತ್ತದೆ, ಸಾರ್ಮ್ ಅದರ ಜಾಗ ತುಂಬುವುದಿಲ್ಲ. ಗಂಡಸರ ಮೂಳೆಗೂ ಕಾಮಾಸಕ್ತಿಗೂ ಈಸ್ಟ್ರೊಜೆನ್ ಅಷ್ಟಿಷ್ಟು ಬೇಕೇ ಬೇಕು. ಕೋರ್ಸಿನ ನಡುವೆಯೇ ಆಸೆ ಬತ್ತಿತು, ಸುಸ್ತು ಹಿಡಿಯಿತು ಎನ್ನುವ ಸಾರ್ಮ್ಸ್ ಬಳಕೆದಾರರ ದೂರಿಗೆ ಇದೇ ಕಾರಣವಿರಬಹುದು.

ಚೇತರಿಕೆ? ಹೆಚ್ಚಿನವರಿಗೆ ತಿಂಗಳುಗಳಲ್ಲಿ ಆಗುತ್ತದೆ. ವರ್ಷಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಕೆಲವರಿಗೆ ಬಿಟ್ಟು ವರ್ಷಗಳಾದರೂ ಟೆಸ್ಟೊಸ್ಟಿರಾನ್ ಹಳೆಯ ಮಟ್ಟಕ್ಕೆ ಬಂದಿರುವುದಿಲ್ಲ. ಖಿನ್ನತೆ ಕವಿಯುವುದು, ಅದನ್ನು ತಾಳಲಾರದೆ ಮತ್ತೆ ಮದ್ದಿಗೆ ಮರಳುವುದು ಈ ಖಾಲಿ ತಿಂಗಳುಗಳಲ್ಲೇ. ಜಿಮ್‌ನಲ್ಲಿ ‘ಪಿಸಿಟಿ’ (ಕೋರ್ಸ್ ಮುಗಿದ ಮೇಲಿನ ಚಿಕಿತ್ಸೆ) ಎಂದು ಒಂದಷ್ಟು ಮಾತ್ರೆಗಳ ಪಟ್ಟಿ ಹಂಚುತ್ತಾರೆ, ತಿಂದರೆ ಎಲ್ಲ ಮೊದಲಿನಂತಾಗುತ್ತದೆ ಎಂಬ ಭರವಸೆಯೊಂದಿಗೆ. ಆ ಭರವಸೆಗೆ ಸರಿಯಾದ ಪರೀಕ್ಷೆಯ ಬೆಂಬಲ ಬಹಳ ಕಡಿಮೆ.

ಲಿವರ್, ಕೊಲೆಸ್ಟ್ರಾಲ್, ಹೃದಯ

ಟೆಸ್ಟೊಸ್ಟಿರಾನನ್ನು ಹಾಗೇ ನುಂಗಿದರೆ ಕರುಳಿನಿಂದ ಲಿವರ್‌ಗೆ ಹೋಗಿ ಅಲ್ಲೇ ಒಡೆದುಹೋಗುತ್ತದೆ. ಇದನ್ನು ತಪ್ಪಿಸಲು ಅಣುವಿನ 17ನೇ ಇಂಗಾಲಕ್ಕೆ ಒಂದು ಬಾಲ ಸೇರಿಸುತ್ತಾರೆ. ಡಯನಬಾಲ್, ಸ್ಟ್ಯಾನೊಜೊಲಾಲ್ ಮುಂತಾದ ಮಾತ್ರೆಗಳೆಲ್ಲ ಹೀಗೆ ಮಾಡಿದವು. ಲಿವರ್‌ಗೆ ಒಡೆಯಲು ಕಷ್ಟವಾದದ್ದು ಲಿವರ್‌ಗೇ ಭಾರ. ಪಿತ್ತ ಹರಿಯದೆ ಕಾಮಾಲೆ, ರಕ್ತ ತುಂಬಿದ ಗುಳ್ಳೆಗಳು, ಗಡ್ಡೆಗಳ ತನಕ ಹೋಗಬಹುದು. ಚುಚ್ಚುಮದ್ದಿನ ಸ್ಟೀರಾಯ್ಡ್‌ಗಳಿಗೆ ಈ ಬಾಲ ಸಾಮಾನ್ಯವಾಗಿ ಇರುವುದಿಲ್ಲ, ಲಿವರ್‌ನ ಮಟ್ಟಿಗೆ ಅವು ಹಗುರ. ಸೂಜಿಗಿಂತ ಮಾತ್ರೆ ಸೌಮ್ಯ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಸಾರ್ಮ್ಸ್‌ಗೂ ಆ ಬಾಲವಿಲ್ಲ. ಆದ್ದರಿಂದ ಲಿವರ್ ಸುರಕ್ಷಿತ ಎಂದು ತರ್ಕಿಸಿದವರಿಗೆ ಆಸ್ಪತ್ರೆಗಳ ವರದಿಗಳು ಉತ್ತರ ಕೊಡುತ್ತಿವೆ. ಎಲ್‌ಜಿಡಿ-4033 ಮತ್ತು ಆರ್‌ಎಡಿ-140 ತಿಂದ, ಬೇರೆ ಕಾಯಿಲೆಯಿಲ್ಲದ ಯುವಕರು ಕೆಲವು ವಾರಗಳ ಮೇಲೆ ಮೈಯೆಲ್ಲ ತುರಿಕೆ, ಹಳದಿ ಕಣ್ಣು, ಕಡು ಬಣ್ಣದ ಮೂತ್ರದೊಂದಿಗೆ ಬಂದದ್ದು ಒಂದೆರಡು ಸಲವಲ್ಲ. ಬಹುತೇಕರು ಚೇತರಿಸಿಕೊಂಡಿದ್ದಾರೆ, ಆದರೆ ತಿಂಗಳುಗಳು ಹಿಡಿದಿವೆ. 2017ರ ಅಕ್ಟೋಬರಿನಲ್ಲಿ ಎಫ್‌ಡಿಎ ಹೊರಡಿಸಿದ ಎಚ್ಚರಿಕೆಯಲ್ಲಿ ಲಿವರ್ ಹಾನಿಯ ಜತೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವನ್ನೂ ಹೆಸರಿಸಿದೆ.

ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಎರಡರಲ್ಲೂ ಕುಸಿಯುತ್ತದೆ. 1989ರ ಒಂದು ಹೋಲಿಕೆಯಲ್ಲಿ ಸ್ಟ್ಯಾನೊಜೊಲಾಲ್ ಮಾತ್ರೆ ಎಚ್‌ಡಿಎಲ್ಲನ್ನು ಶೇ 33ರಷ್ಟು ಇಳಿಸಿತು, ಟೆಸ್ಟೊಸ್ಟಿರಾನ್ ಚುಚ್ಚುಮದ್ದು ಶೇ 9ರಷ್ಟು. ಸಾರ್ಮ್ಸ್ ನುಂಗುವಂಥವು, ಈಸ್ಟ್ರೊಜೆನ್ ಆಗದಂಥವು. ಎಚ್‌ಡಿಎಲ್ ವಿಷಯದಲ್ಲಿ ಅವು ಮಾತ್ರೆಯ ಸ್ಟೀರಾಯ್ಡ್‌ಗೇ ಹತ್ತಿರ.

ಹೃದಯದ ಬಗ್ಗೆ ಸ್ಟೀರಾಯ್ಡ್ ಪಕ್ಕದಲ್ಲಿ ಗಟ್ಟಿ ಪುರಾವೆಯಿದೆ. ಅಮೆರಿಕದಲ್ಲಿ ಭಾರ ಎತ್ತುವ 140 ಗಂಡಸರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಒಂದು ಬಡಿತಕ್ಕೆ ಎಡಕೋಣೆಯ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂದು ಅಳೆದರು. ಸ್ಟೀರಾಯ್ಡ್ ಮುಟ್ಟದವರಲ್ಲಿ ಶೇ 63, ದೀರ್ಘಕಾಲ ಬಳಸಿದವರಲ್ಲಿ ಶೇ 52. ಆ ಹೊತ್ತಿಗೆ ಮದ್ದಿನ ಮೇಲಿದ್ದವರಲ್ಲಿ ಶೇ 49, ಬಿಟ್ಟಿದ್ದವರಲ್ಲಿ ಶೇ 58. ಬಿಟ್ಟರೆ ಸುಧಾರಿಸುತ್ತದೆ ಎಂಬುದಕ್ಕೆ ಆಧಾರ ಇಲ್ಲೇ ಇದೆ. ರಕ್ತನಾಳದೊಳಗಿನ ಜಿಡ್ಡಿನ ಪದರ ಮಾತ್ರ ಬಳಕೆಯ ವರ್ಷಗಳಿಗೆ ತಕ್ಕಂತೆ ದಪ್ಪಗಾಗಿತ್ತು. ಡೆನ್ಮಾರ್ಕಿನ ಜಿಮ್‌ಗಳಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಗೆ ಸಿಕ್ಕಿಬಿದ್ದ 1,189 ಗಂಡಸರನ್ನು ಸರಾಸರಿ 11 ವರ್ಷ ಗಮನಿಸಿದಾಗ, ಅದೇ ವಯಸ್ಸಿನ ಉಳಿದವರಿಗಿಂತ ಸಾವಿನ ಪ್ರಮಾಣ ಮೂರು ಪಟ್ಟಿನ ಹತ್ತಿರವಿತ್ತು. ಸ್ಟೀರಾಯ್ಡ್ ರಕ್ತದ ಕೆಂಪುಕಣಗಳನ್ನೂ ಹೆಚ್ಚಿಸುತ್ತದೆ. ರಕ್ತ ಮಂದವಾಗಿ ಹೆಪ್ಪುಗಟ್ಟುವ ಭಯ ಬೇರೆ.

ಸಾರ್ಮ್ಸ್‌ಗೆ ಇಂಥ ಹತ್ತು ವರ್ಷದ ಲೆಕ್ಕ ಯಾರ ಬಳಿಯೂ ಇಲ್ಲ. ಮನುಷ್ಯರ ಮೇಲಿನ ಪರೀಕ್ಷೆಗಳು ವಾರ, ತಿಂಗಳುಗಳವು.

ಬಾಟಲಿಯೊಳಗೆ ನಿಜಕ್ಕೂ ಏನಿದೆ

ಮೇಲಿನ ಹೋಲಿಕೆಯೆಲ್ಲ ಲೇಬಲ್ಲಿನಲ್ಲಿ ಬರೆದದ್ದೇ ಒಳಗಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅಂತರ್ಜಾಲದಲ್ಲಿ ಸಾರ್ಮ್ಸ್ ಎಂದು ಮಾರುತ್ತಿದ್ದ 44 ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದ ವರದಿ 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಸಾರ್ಮ್ ಇದ್ದದ್ದು 23ರಲ್ಲಿ. 17ರಲ್ಲಿ ಒಪ್ಪಿಗೆಯಿಲ್ಲದ ಬೇರೆ ಮದ್ದಿತ್ತು. ನಾಲ್ಕರಲ್ಲಿ ಏನೂ ಇರಲಿಲ್ಲ. ಲೇಬಲ್ಲಿಗೂ ಒಳಗಿನ ಪ್ರಮಾಣಕ್ಕೂ ತಾಳೆಯಾದದ್ದು 18ರಲ್ಲಿ ಮಾತ್ರ. ‘ರಿಸರ್ಚ್ ಕೆಮಿಕಲ್, ಮನುಷ್ಯರ ಬಳಕೆಗಲ್ಲ’ ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿದರೆ ಮಾರುವವನ ಹೊಣೆ ಮುಗಿಯಿತು. ಕಳ್ಳಸಂತೆಯ ಸ್ಟೀರಾಯ್ಡ್ ಇದಕ್ಕಿಂತ ಮೇಲೇನಲ್ಲ: ಪ್ರಮಾಣ ಏರುಪೇರು, ಎಣ್ಣೆಯಲ್ಲಿ ಕೊಳೆ, ಚುಚ್ಚಿದಲ್ಲಿ ಕೀವು. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಕೂಡ.

ಸಾರ್ಮ್ಸ್ ಪಟ್ಟಿಯಲ್ಲೇ ಮಾರಾಟವಾಗುವ ಕೆಲವು ಸಾರ್ಮ್ಸೇ ಅಲ್ಲ. ಕಾರ್ಡರಿನ್ ಎಂಬುದು ಕೊಬ್ಬು ಉರಿಸುವ ಜೀನುಗಳನ್ನು ಎಬ್ಬಿಸುವ ಬೇರೆ ಜಾತಿಯ ಅಣು. ಇಲಿಗಳ ಅನೇಕ ಅಂಗಗಳಲ್ಲಿ ಕ್ಯಾನ್ಸರ್ ಕಂಡಿದ್ದರಿಂದ ಕಂಪನಿಯೇ ಕೈಬಿಟ್ಟಿತು, 2013ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಘಟಕವಾದ ವಾಡಾ ಇದರ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಕೊಟ್ಟಿತು. ಎಂಕೆ-677 ಹಸಿವಿನ ಹಾರ್ಮೋನಿನ ರಿಸೆಪ್ಟರಿಗೆ ಅಂಟಿ ಬೆಳವಣಿಗೆ ಹಾರ್ಮೋನನ್ನು ಹೆಚ್ಚಿಸುವಂಥದ್ದು. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಅದರ ಪರೀಕ್ಷೆಯನ್ನು ಹೃದಯ ವೈಫಲ್ಯದ ಸೂಚನೆ ಕಂಡು ಅರ್ಧಕ್ಕೇ ನಿಲ್ಲಿಸಿದರು. ಬೆಳವಣಿಗೆ ಹಾರ್ಮೋನನ್ನೇ ಚುಚ್ಚಿಕೊಂಡರೂ ಕೊಬ್ಬುರಹಿತ ತೂಕ ಏರುತ್ತದೆ, ಅದರಲ್ಲಿ ನೀರಿನ ಪಾಲು ದೊಡ್ಡದು, ಬಲ ಅಷ್ಟಾಗಿ ಏರುವುದಿಲ್ಲ. ಕ್ಲೆನ್‌ಬ್ಯುಟೆರಾಲ್ ಉಸಿರಾಟದ ಮದ್ದು, ಎದೆಬಡಿತ ಏರಿಸುತ್ತದೆ. ಇನ್ಸುಲಿನ್ನನ್ನು ಸ್ನಾಯುವಿಗೆಂದು ಚುಚ್ಚಿಕೊಳ್ಳುವವರಿದ್ದಾರೆ. ಅದರಲ್ಲಿ ಒಂದು ಲೆಕ್ಕ ತಪ್ಪಿದರೆ ಅಂದೇ ಪ್ರಾಣ ಹೋಗಬಹುದು.

ಯಾರು ಏನು ನೋಡಬೇಕು

ಸ್ಪರ್ಧೆಗೆ ಇಳಿಯುವವರಿಗೆ ಎರಡೂ ಒಂದೇ. ಸಾರ್ಮ್ಸ್ 2008ರಿಂದ ವಾಡಾದ ನಿಷೇಧಪಟ್ಟಿಯಲ್ಲಿವೆ, ಸ್ಪರ್ಧೆಯ ಹೊರಗೂ ನಿಷಿದ್ಧ. ಸಿಕ್ಕಿಬಿದ್ದರೆ ಸಾಮಾನ್ಯ ಶಿಕ್ಷೆ ನಾಲ್ಕು ವರ್ಷ. ‘ಸಾರ್ಮ್ಸ್ ಪತ್ತೆಯಾಗಲ್ಲ’ ಎನ್ನುವ ಟ್ರೇನರ್ ಇದ್ದರೆ ಟ್ರೇನರನ್ನು ಬದಲಾಯಿಸಿ. 2008 ಮತ್ತು 2012ರ ಒಲಿಂಪಿಕ್ಸ್ ಮಾದರಿಗಳನ್ನು ವರ್ಷಗಳ ನಂತರ ಹೊಸ ವಿಧಾನದಲ್ಲಿ ಮತ್ತೆ ಪರೀಕ್ಷಿಸಿ ಎಷ್ಟೋ ಪದಕಗಳನ್ನು ವಾಪಸು ಪಡೆದಿದ್ದಾರೆ, ಅವುಗಳಲ್ಲಿ ಬಹಳಷ್ಟು ಹಳೆಯ ಸ್ಟೀರಾಯ್ಡ್‌ಗಳಿಂದಲೇ.

ಹೆಂಗಸರ ಮಾತು ಬೇರೆ. ಸ್ಟೀರಾಯ್ಡ್‌ನಿಂದ ದನಿ ಗಡಸಾದರೆ ಬಿಟ್ಟ ಮೇಲೂ ಮರಳುವುದಿಲ್ಲ. ಪೂರ್ವ ಜರ್ಮನಿ ಸರ್ಕಾರಿ ಯೋಜನೆಯಾಗಿಯೇ ಹದಿಹರೆಯದ ಆಟಗಾರ್ತಿಯರಿಗೆ ಓರಲ್ ಟ್ಯೂರಿನಬಾಲ್ ನುಂಗಿಸಿತು, ಎಷ್ಟೋ ಹುಡುಗಿಯರಿಗೆ ಅದು ವಿಟಮಿನ್ ಎಂದು ಹೇಳಲಾಗಿತ್ತು. 2000ದಲ್ಲಿ ಬರ್ಲಿನ್ ನ್ಯಾಯಾಲಯ ಅಂದಿನ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೆ ಶಿಕ್ಷೆ ವಿಧಿಸಿತು. ಸಾರ್ಮ್ಸ್‌ನಲ್ಲಿ ಈ ಗಂಡು ಲಕ್ಷಣಗಳ ಅಪಾಯ ಕಡಿಮೆ ಇರಬಹುದು, ಉದ್ದೇಶವೇ ಅದಾಗಿತ್ತು. ಆದರೆ ಬಾಟಲಿಯಲ್ಲಿ ಸಾರ್ಮ್ ಬದಲು ಬೇರೇನೋ ಇದ್ದರೆ ಆ ಲೆಕ್ಕ ಬುಡಮೇಲು. ಬಸಿರಿನ ಯೋಚನೆ ಇರುವವರು ಎರಡರಿಂದಲೂ ದೂರವಿರಬೇಕು, ಹೆಣ್ಣು ಭ್ರೂಣದ ಬೆಳವಣಿಗೆಯನ್ನೇ ಆಂಡ್ರೊಜೆನ್ ತಿರುಚಬಲ್ಲದು.

ಇನ್ನೂ ಎತ್ತರ ಬೆಳೆಯುತ್ತಿರುವ ಹುಡುಗರಲ್ಲಿ ಸ್ಟೀರಾಯ್ಡ್ ಮೂಳೆಯ ತುದಿಯ ಬೆಳವಣಿಗೆ ಪದರವನ್ನು ಬೇಗ ಮುಚ್ಚಿಸುತ್ತದೆ. ತೋಳು ದಪ್ಪವಾಗುತ್ತದೆ, ಎತ್ತರ ಅಲ್ಲಿಗೇ ನಿಲ್ಲುತ್ತದೆ.

ರಕ್ತಪರೀಕ್ಷೆಯಲ್ಲಿ ಟೆಸ್ಟೊಸ್ಟಿರಾನ್ ನಿಜವಾಗಿಯೂ ಕಡಿಮೆಯಿದ್ದು ಅದರ ಲಕ್ಷಣಗಳೂ ಇದ್ದರೆ ಆಯ್ಕೆ ಸುಲಭ: ಟೆಸ್ಟೊಸ್ಟಿರಾನೇ, ವೈದ್ಯರ ಕೈಯಿಂದ, ಕಾಲಕಾಲಕ್ಕೆ ರಕ್ತ ನೋಡಿಸುತ್ತ. ಅದು ಎಂಬತ್ತು ವರ್ಷದಿಂದ ಬಳಕೆಯಲ್ಲಿರುವ, ಪ್ರಮಾಣ ಗೊತ್ತಿರುವ ಔಷಧ. ಆದರೆ ಮಗು ಬೇಕೆನ್ನುವವರು ಶುರು ಮಾಡುವ ಮೊದಲೇ ಅದನ್ನು ವೈದ್ಯರಿಗೆ ಹೇಳಬೇಕು, ವೀರ್ಯಾಣು ಉಳಿಸಿಕೊಳ್ಳುವ ಚಿಕಿತ್ಸೆ ಬೇರೆಯಿದೆ. ಸಾರ್ಮ್ಸ್‌ಗೆ ಈ ಜಾಗದಲ್ಲಿ ಕೆಲಸವಿಲ್ಲ.

ಉಳಿದವರು, ಅಂದರೆ ಕಾಯಿಲೆಯಿಲ್ಲದೆ ಮೈಕಟ್ಟಿಗಾಗಿ ಮಾತ್ರ ಕೇಳುವ ಬಹುಪಾಲು ಮಂದಿ, ಸಾರ್ಮ್ಸ್ ಆರಿಸಿಕೊಂಡು ಗಳಿಸುವುದು ಕೆಲವೇ ಕಿಲೋ. ನಿಯಮಿತ ಭಾರ ಎತ್ತುವಿಕೆ, ಸಾಕಷ್ಟು ಪ್ರೋಟೀನು, ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಎಂಬ ಪೂರಕ ಸೇರಿದರೆ ಹೊಸಬರಿಗೆ ಮೊದಲ ವರ್ಷದಲ್ಲೇ ಅಷ್ಟು ದಕ್ಕುತ್ತದೆ. ಅದಕ್ಕೆ ವೃಷಣವನ್ನು ಪಣಕ್ಕಿಡಬೇಕೇ? ಸ್ಟೀರಾಯ್ಡ್ ಕೊಡುವಷ್ಟು ಬೆಳವಣಿಗೆಯನ್ನು ಕ್ರಿಯಾಟಿನ್ ಖಂಡಿತ ಕೊಡುವುದಿಲ್ಲ. ಅಷ್ಟೇ ಬೇಕು ಎನ್ನುವವರು ಯಾವ ಬೆಲೆ ತೆರುತ್ತಿದ್ದಾರೆಂದು ಮೇಲಿನ ಅಂಕಿಗಳೇ ಹೇಳುತ್ತವೆ.

ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ

ವೈದ್ಯರ ಮುಂದೆ ಮುಚ್ಚಿಡಬೇಡಿ. ಬಾಟಲಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಕೇಳಿ ಮಾಡಿಸಬೇಕಾದ್ದು ಲಿವರ್ ಪರೀಕ್ಷೆ, ಕೊಲೆಸ್ಟ್ರಾಲ್, ಕೆಂಪುಕಣಗಳ ಪ್ರಮಾಣ, ರಕ್ತದೊತ್ತಡ, ಬೆಳಗಿನ ಹೊತ್ತಿನ ಟೆಸ್ಟೊಸ್ಟಿರಾನ್, ಎಲ್‌ಎಚ್, ಎಫ್‌ಎಸ್‌ಎಚ್. ವರ್ಷಗಟ್ಟಲೆ ಸ್ಟೀರಾಯ್ಡ್ ಬಳಸಿದವರು ಹೃದಯದ ಎಕೋ ಕೂಡ. ಭಾರ ಎತ್ತಿದ ಮರುದಿನ ಲಿವರ್ ಪರೀಕ್ಷೆಯ ಎಎಸ್‌ಟಿ, ಎಎಲ್‌ಟಿ ಅಂಕಿಗಳು ಸ್ನಾಯುವಿನಿಂದಲೇ ಏರಿರುತ್ತವೆ, ಆದ್ದರಿಂದ ಜಿಜಿಟಿ ಮತ್ತು ಬಿಲಿರುಬಿನ್ ಸೇರಿಸಿ ನೋಡಬೇಕು. ಮೈ ತುರಿಕೆ, ಕಣ್ಣು ಹಳದಿ, ಕಡು ಮೂತ್ರ ಕಂಡರೆ ಮದ್ದನ್ನು ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಎದೆನೋವು, ಒಂದು ಕಾಲು ಮಾತ್ರ ಊದುವುದು, ಮಾತು ತೊದಲುವುದಾದರೆ ಗಂಟೆಯೂ ಕಾಯಬಾರದು. ನಿಲ್ಲಿಸಿದ ಮೇಲೆ ಮನಸ್ಸು ಕುಸಿದು ಬದುಕೇ ಬೇಡವೆನಿಸಿದರೆ ಅದೂ ಹಾರ್ಮೋನಿನ ಕೆಲಸವೇ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಮನೆಯವರಿಗೂ ವೈದ್ಯರಿಗೂ ಅಂದೇ ಹೇಳಿ.

ವೀರ್ಯ ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಅದನ್ನೇ ಕೊನೆಯೆಂದುಕೊಳ್ಳಬೇಡಿ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಪಿಟ್ಯುಟರಿ ಎಚ್ಚೆತ್ತುಕೊಳ್ಳಲು ಅದಕ್ಕೂ ಮೊದಲು ಒಂದಷ್ಟು ಕಾಲ. ಹಾಗಾಗಿ ಮುಂದಿನ ಪರೀಕ್ಷೆ ಮೂರು ತಿಂಗಳಾದ ಮೇಲೆ. ಅಷ್ಟರೊಳಗೆ ವಾರವಾರ ಮಾಡಿಸಿದರೆ ಹೊಸದೇನೂ ತಿಳಿಯುವುದಿಲ್ಲ.